ಮಗಳ ಕೋಳಿ ಫಾರಂ ಮತ್ತು ಒಂದು ಪ್ರೊಸೆಸರ್

"ಅಮ್ಮಾ, ನನ್ನ ಕೋಳಿಗಳೆಲ್ಲ ನಿಂತಲ್ಲೇ ನಿಂತುಬಿಟ್ಟಿವೆ, ಬಂದು ನೋಡು."

ಮಗಳು ಕರೆದಳು ಅಂತ ಕೈಯಲ್ಲಿದ್ದ ಕೆಲಸ ಬಿಟ್ಟು ಹೋದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮೈನ್‌ಕ್ರಾಫ್ಟ್ ಆಡುತ್ತಿದ್ದಳು. ಪರದೆಯ ಮೇಲೆ ಕಲ್ಲಿನ ಗೋಡೆಯ ದೊಡ್ಡ ಕೋಳಿ ಫಾರಂ. ಕೋಳಿಗಳ ಕಾಲಡಿ ಮೊಟ್ಟೆ ಹಿಡಿಯುವ ಹಾಪರ್‌ಗಳ ಸಾಲು, ಅದರ ಕೆಳಗೆ ಪೆಟ್ಟಿಗೆಗಳು, ಪಕ್ಕದಲ್ಲಿ ಆಟದೊಳಗಿನ ವಿದ್ಯುತ್ ತಂತಿಯಂಥ ರೆಡ್‌ಸ್ಟೋನ್ ಗೆರೆಗಳು. ಹನ್ನೊಂದು ವರ್ಷದ ಹುಡುಗಿ ಎರಡು ತಿಂಗಳು ಕೂತು ಯೋಚಿಸಿ ಕಟ್ಟಿದ್ದು. ಈಗ ಅದು ತೆವಳುತ್ತಿತ್ತು. ಬಾಗಿಲು ಒತ್ತಿದರೆ ಸ್ವಲ್ಪ ಹೊತ್ತು ಬಿಟ್ಟು ತೆರೆಯುತ್ತಿತ್ತು. ಒಡೆದ ಕಲ್ಲು ಮಾಯವಾಗಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನು ಒಂದೇ ಸಮನೆ ಕೂಗುತ್ತಿತ್ತು.

"ಕೋಳಿ ಸ್ವಲ್ಪ ಕಡಿಮೆ ಮಾಡು, ಸರಿಹೋಗುತ್ತೆ" ಅಂದೆ. ಅವಳು ಮಾತಾಡಲಿಲ್ಲ. ಮುಖ ಸಣ್ಣದಾಯಿತು. ಅವಳು ಕಷ್ಟಪಟ್ಟು ಕಟ್ಟಿದ್ದನ್ನು ಯಂತ್ರಕ್ಕೆ ಆಗುವುದಿಲ್ಲ ಅಂತ ಕೆಡವಿಸುವುದು ಸರಿಯಲ್ಲ ಅಂತ ಆ ರಾತ್ರಿ ಮಲಗುವಾಗ ಅನ್ನಿಸಿತು. ಇವಳಿಗೆ ಒಂದು ಕಂಪ್ಯೂಟರ್ ಕೊಡಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅದಾದ ಮೇಲೆ ಸುಮಾರು ಒಂದೂವರೆ ತಿಂಗಳು ನಾನು ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಪ್ರೊಸೆಸರ್‌ಗಳ ಬಗ್ಗೆ ಓದಿದೆ. ದಿನವಿಡೀ ಲೆಕ್ಕಪತ್ರ ನೋಡುವವಳು ನಾನು. ಅಂಕಿಗಳು ಹೊಸದಲ್ಲ. ಆದರೆ ಪ್ರೊಸೆಸರ್ ಡಬ್ಬದ ಮೇಲಿನ ಅಂಕಿಗಳು ಯಾವ ಪ್ರಶ್ನೆಗೆ ಉತ್ತರ ಅನ್ನುವುದು ಮೊದಲು ಗೊತ್ತಾಗಲಿಲ್ಲ. ಆರು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಕೋರ್, ಹನ್ನೆರಡು ಥ್ರೆಡ್ (ಒಮ್ಮೆಗೆ ನಡೆಯುವ ಕೆಲಸದ ಸಾಲು), 4.4 ಗಿಗಾಹರ್ಟ್ಸ್, 32 ಎಂಬಿ ಕ್ಯಾಶ್. ಇದರಲ್ಲಿ ನನ್ನ ಮಗಳ ಕೋಳಿಗಳನ್ನು ನಡೆಸುವುದು ಯಾವುದು?

ಕಂಪ್ಯೂಟರ್ ಜೋಡಿಸುವ ಹುಚ್ಚು ನನ್ನ ತಮ್ಮನಿಗಿದೆ. ಅವನಿಗೆ ಫೋನ್ ಮಾಡಿದೆ.

"ಅಕ್ಕಾ, ಎಂಟು ಕೋರಿನದ್ದು ತಗೊಂಡುಬಿಡು. ಎಎಂಡಿ ಕಂಪನಿಯ ರೈಜನ್ 7 5700ಎಕ್ಸ್. ಅವಳು ಕಾಲೇಜಿಗೆ ಹೋಗೋವರೆಗೂ ಯೋಚನೆ ಇಲ್ಲ" ಅಂದ. ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಅವನೇ ಕೊಡುತ್ತೇನೆ ಅಂದ. ಅವನ ಹತ್ತಿರ ಆರ್‌ಎಕ್ಸ್ 580 ಒಂದು ಸುಮ್ನೆ ಕೂತಿತ್ತು. 2017ರಲ್ಲಿ ಬಂದ ಕಾರ್ಡು, 8 ಜಿಬಿ ಮೆಮೊರಿಯದ್ದು. ಹಳೆಯದೇ, ಆದರೂ ಹನ್ನೊಂದು ವರ್ಷದವಳು ಆಡುವ ಆಟಗಳಿಗೆ ಸಾಕಷ್ಟಾಯಿತು. ಹೀಗೆ ಕಾರ್ಡಿನ ಖರ್ಚು ಉಳಿಯಿತು. ಉಳಿದ ಪ್ರಶ್ನೆ ಪ್ರೊಸೆಸರ್ ಒಂದೇ.

ಎಂಟು ಕೋರು ಅಂದರೆ ಆರಕ್ಕಿಂತ ಜಾಸ್ತಿ, ಜಾಸ್ತಿ ಅಂದರೆ ಒಳ್ಳೆಯದು. ಮಾತು ಸರಿಯಾಗಿಯೇ ಕೇಳಿಸುತ್ತದೆ ಅಲ್ವಾ? ಆದರೂ ಕೊಳ್ಳುವ ಮೊದಲು ಒಮ್ಮೆ ಅಳೆದು ನೋಡೋಣ ಅನ್ನಿಸಿತು. ಯಾವ ಲೆಕ್ಕ ಎಲ್ಲಿ ತಪ್ಪುತ್ತಿದೆ ಅಂತ ತಿಳಿಯದೆ ತಿದ್ದಲು ಹೋಗುವುದು ನನಗೆ ಒಗ್ಗುವುದಿಲ್ಲ.

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯಲ್ಲಿ ಎಫ್3 ಕೀ ಒತ್ತಿದರೆ ಪರದೆ ತುಂಬ ಅಂಕಿ ಅಕ್ಷರಗಳು ಬರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀ ಜೊತೆಗೆ ಒತ್ತಬೇಕು. ಎಡಗಡೆ ಮೇಲ್ಭಾಗದಲ್ಲಿ ಎರಡು ಸಂಗತಿ ಸಿಗುತ್ತವೆ. ಒಂದು, ಸೆಕೆಂಡಿಗೆ ಎಷ್ಟು ಚಿತ್ರ ಬರೆಯುತ್ತಿದೆ ಅನ್ನುವುದು. ಅದನ್ನೇ ಎಫ್‌ಪಿಎಸ್ ಅನ್ನುತ್ತಾರೆ. ಇನ್ನೊಂದು, ಆಟದ ಲೋಕ ಒಂದು ಹೆಜ್ಜೆ ಮುಂದಿಡಲು ಎಷ್ಟು ಮಿಲಿಸೆಕೆಂಡು ತಗೊಳ್ಳುತ್ತಿದೆ ಅನ್ನುವುದು. ಆ ಹೆಜ್ಜೆಗೆ ಟಿಕ್ ಅಂತ ಹೆಸರು. ಸೆಕೆಂಡಿಗೆ 20 ಟಿಕ್ ಆಗಬೇಕು. ಅಂದರೆ ಒಂದು ಟಿಕ್‌ಗೆ ಸಿಗುವುದು 50 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲ ಕೋಳಿಯೂ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನವಾಗಬೇಕು, ಹಾಪರ್‌ಗಳು ಮೊಟ್ಟೆ ಎತ್ತಿಕೊಳ್ಳಬೇಕು, ರೆಡ್‌ಸ್ಟೋನ್ ಸಂಕೇತ ಮುಂದೆ ಸಾಗಬೇಕು, ಬೆಳೆ ಬೆಳೆಯಬೇಕು. 50 ದಾಟಿದರೆ ಇಡೀ ಲೋಕವೇ ನಿಧಾನ.

ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ 70ರಿಂದ 78ರ ನಡುವೆ ಕುಣಿಯುತ್ತಿತ್ತು.

ನೋಟ್‌ಬುಕ್ ತೆಗೆದುಕೊಂಡು ಇಬ್ಬರೂ ಕೂತೆವು. ಅವಳು ಆಟದ ಕಡೆ, ನಾನು ಬರೆಯುವ ಕಡೆ. ಮೊದಲು ಆಟದ ಕಿಟಕಿಯನ್ನು ಅಂಗೈಯಷ್ಟು ಚಿಕ್ಕದು ಮಾಡಿದೆವು. ಚಿತ್ರ ಚಿಕ್ಕದಾದರೆ ಗ್ರಾಫಿಕ್ಸ್ ಕೆಲಸ ಕಡಿಮೆಯಾಗುತ್ತದೆ. ಎಫ್‌ಪಿಎಸ್ ಏರಿತು. ಟಿಕ್ ಸಮಯ ಮಾತ್ರ 70ರ ಮೇಲೇ ಕೂತಿತ್ತು. ಆಮೇಲೆ ಸಿಮ್ಯುಲೇಶನ್ ಡಿಸ್ಟೆನ್ಸ್ ಅನ್ನುವ ಸೆಟ್ಟಿಂಗನ್ನು 12ರಿಂದ 6ಕ್ಕೆ ಇಳಿಸಿದೆವು. ಆಟಗಾರರಿಂದ ಎಷ್ಟು ದೂರದವರೆಗೆ ಲೋಕ ಜೀವಂತವಾಗಿರಬೇಕು ಅನ್ನುವುದನ್ನು ಅದು ಹೇಳುತ್ತದೆ. ಟಿಕ್ ಸಮಯ 58ಕ್ಕೆ ಇಳಿಯಿತು. ದೂರದಲ್ಲಿದ್ದ ಅವಳ ಕಬ್ಬಿನ ತೋಟ ಲೆಕ್ಕದಿಂದ ಹೊರಬಿದ್ದದ್ದಕ್ಕೆ ಆದ ಉಳಿತಾಯ ಅದು. ಎಫ್‌ಪಿಎಸ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

"ಅಂದ್ರೆ ಚಿತ್ರ ಬಿಡಿಸೋರು ಬೇರೆ, ಕೋಳಿ ನಡೆಸೋರು ಬೇರೆ" ಅಂದಳು ಮಗಳು.

ಹೌದು, ಅಷ್ಟೇ ವಿಷಯ. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಕೋಳಿ ನಡೆಸುವುದು ಪ್ರೊಸೆಸರ್. ಅವಳ ತೊಂದರೆ ಎರಡನೆಯದರಲ್ಲಿತ್ತು. ಎಂಥ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದಿದ್ದರೂ ಆ ಫಾರಂ ಹಾಗೇ ತೆವಳುತ್ತಿತ್ತು.

ಆಮೇಲೆ ಇನ್ನೊಂದು ನೋಡಿದೆವು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಒಂದೊಂದು ಥ್ರೆಡ್ಡಿನ ಗೆರೆಯನ್ನೂ ಬೇರೆ ಬೇರೆಯಾಗಿ ನೋಡಬಹುದು. ಲ್ಯಾಪ್‌ಟಾಪಿನಲ್ಲಿ ಎರಡು ಕೋರು, ನಾಲ್ಕು ಥ್ರೆಡ್ಡು. ಕೆಲಸ ನಾಲ್ಕು ಚೌಕಗಳಲ್ಲೂ ಓಡಾಡುತ್ತಿತ್ತು. ಹೀಗೆ ಓಡಾಡುವುದರಿಂದ ಈ ಗೆರೆಗಳು ಕೆಲವೊಮ್ಮೆ ದಾರಿ ತಪ್ಪಿಸುತ್ತವೆ ಅಂತ ತಮ್ಮ ಹೇಳಿದ. ವಿಂಡೋಸ್ ಒಂದೇ ಕೆಲಸವನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಎತ್ತಿಡುತ್ತಲೇ ಇರುತ್ತದಂತೆ. ಅದಕ್ಕೇ ನಾನು ಗೆರೆಗಳನ್ನು ಬಿಟ್ಟು ಟಿಕ್ ಸಂಖ್ಯೆಯನ್ನೇ ನಂಬಿದೆ.

ಮೈನ್‌ಕ್ರಾಫ್ಟ್‌ನಲ್ಲಿ ಲೋಕ ನಡೆಸುವ ಮುಖ್ಯ ಕೆಲಸ ಬಹುಪಾಲು ಒಂದೇ ಥ್ರೆಡ್ಡಿನ ಮೇಲೆ ಬೀಳುತ್ತದೆ. ಹೊಸ ಜಾಗ ಸೃಷ್ಟಿಸುವಂಥ ಕೆಲಸಗಳು ಬೇರೆ ಥ್ರೆಡ್ಡುಗಳಿಗೆ ಹಂಚಿಹೋಗುತ್ತವೆ. ಕೋಳಿ, ಹಾಪರ್, ರೆಡ್‌ಸ್ಟೋನ್ ಹಾಗಲ್ಲ, ಒಂದಾದ ಮೇಲೆ ಒಂದು ಸಾಲಾಗಿ ನಡೆಯಬೇಕು. ಸೂಜಿಗೆ ದಾರ ಪೋಣಿಸಲು ಎಂಟು ಜನ ಸುತ್ತ ಕೂತರೂ ಬೇಗ ಆಗುವುದಿಲ್ಲ. ಕೈ ಚುರುಕಿರುವ ಒಬ್ಬರು ಸಾಕು. ತಮ್ಮನ ಎಂಟು ಕೋರಿನ ಸಲಹೆಗೂ ನನ್ನ ನೋಟ್‌ಬುಕ್ಕಿಗೂ ತಾಳೆಯಾಗದೆ ಹೋದದ್ದು ಇಲ್ಲೇ.

ಒಂದು ಕೋರು ಎಷ್ಟು ಚುರುಕು ಅನ್ನುವುದನ್ನು ಗಿಗಾಹರ್ಟ್ಸ್ ಪೂರ್ತಿ ಹೇಳುವುದಿಲ್ಲ. ನನಗೆ ಅರ್ಥವಾಗಲು ಜಾಸ್ತಿ ದಿನ ಹಿಡಿದ ವಿಷಯ ಇದು. ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ ಅಂತ. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತದೆ. ಹತ್ತು ವರ್ಷದ ಹಿಂದಿನ 4 ಗಿಗಾಹರ್ಟ್ಸ್ ಬೇರೆ, ಇವತ್ತಿನ 4 ಗಿಗಾಹರ್ಟ್ಸ್ ಬೇರೆ. ತಮ್ಮ ಹೇಳಿದ 5700ಎಕ್ಸ್ ಮತ್ತು ರೈಜನ್ 5 5600 ಎರಡೂ 2022ರ ಏಪ್ರಿಲ್‌ನಲ್ಲಿ ಬಂದವು. ಎರಡರಲ್ಲೂ ಇರುವುದು ಜೆನ್ 3 ಅನ್ನುವ ಒಂದೇ ವಿನ್ಯಾಸದ ಕೋರು. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಆರು. 2023ರ ಜನವರಿಯಲ್ಲಿ ಬಂದ ರೈಜನ್ 5 7600ರಲ್ಲಿ ಇರುವುದೂ ಆರೇ ಕೋರು, ಆದರೆ ಮುಂದಿನ ಪೀಳಿಗೆಯ ಜೆನ್ 4. ಮಿಡಿತವೂ ಜಾಸ್ತಿ, 5.1 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಒಂದು ಮಿಡಿತಕ್ಕೆ ಆಗುವ ಕೆಲಸವೂ ಜಾಸ್ತಿ. ಕೋಳಿಗಳ ಪಾಲಿಗೆ ಎಂಟು ಹಳೇ ಕೈಗಳಿಗಿಂತ ಆರು ಹೊಸ ಕೈಗಳು ಮೇಲು.

ಕ್ಯಾಶ್ ವಿಷಯ ಮಾತ್ರ ನನಗೆ ಬೇಗ ಹಿಡಿಸಿತು, ಕಾರಣ ಅದು ನನ್ನ ಮೇಜಿನ ಹಾಗೇ ಇದೆ. ದಿನಾ ಬೇಕಾಗುವ ಕಡತಗಳು ಮೇಜಿನ ಖಾನೆಯಲ್ಲಿರುತ್ತವೆ. ಉಳಿದವು ಪಕ್ಕದ ಕೋಣೆಯ ಬೀರುವಿನಲ್ಲಿ. ಖಾನೆ ದೊಡ್ಡದಿದ್ದರೆ ಎದ್ದು ಹೋಗುವುದು ಕಡಿಮೆ. ಪ್ರೊಸೆಸರಿನ ಒಳಗಿರುವ ಎಲ್3 ಕ್ಯಾಶ್ ಆ ಖಾನೆ, ರ‍್ಯಾಮ್ ಆ ಬೀರು. ಆಟಗಳಲ್ಲಿ ಪ್ರೊಸೆಸರು ನೂರಾರು ಚಿಕ್ಕಚಿಕ್ಕ ವಸ್ತುಗಳ ಮಾಹಿತಿಗಾಗಿ ಕೈ ಹಾಕುತ್ತಲೇ ಇರುತ್ತದೆ, ಹಾಗಾಗಿ ಈ ಖಾನೆಯ ಅಳತೆ ಅಲ್ಲಿ ಎದ್ದು ಕಾಣುತ್ತದೆ. ರೈಜನ್ 5 5600ರಲ್ಲಿ 32 ಎಂಬಿ ಇದೆ. ಹೆಸರಿನಲ್ಲಿ ಅವಳಿಜವಳಿಯಂತಿರುವ 5500 ಮತ್ತು 5600ಜಿ ಎರಡರಲ್ಲೂ 16 ಎಂಬಿ ಮಾತ್ರ. ಡಬ್ಬದ ಮೇಲೆ ಎಲ್ಲವೂ ಆರು ಕೋರು ಹನ್ನೆರಡು ಥ್ರೆಡ್ಡೇ. ಹೆಸರು ನೋಡಿ ಕೊಳ್ಳುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಎಕ್ಸ್3ಡಿ ಅಂತ ಕೊನೆಯಾಗುವ ಪ್ರೊಸೆಸರ್‌ಗಳನ್ನು ಆಟಗಾರರು ಅಷ್ಟು ಹೊಗಳುವುದೂ ಇದೇ ಕಾರಣಕ್ಕೆ. 5800ಎಕ್ಸ್3ಡಿ, 7800ಎಕ್ಸ್3ಡಿ ಎರಡರಲ್ಲೂ 96 ಎಂಬಿ ಎಲ್3 ಇದೆ. ಆದರೆ ನಮ್ಮ ಮನೆಯ ಮಾನಿಟರ್ 60 ಹರ್ಟ್ಸ್‌ದು. ಸೆಕೆಂಡಿಗೆ 60ಕ್ಕಿಂತ ಜಾಸ್ತಿ ಚಿತ್ರ ತೋರಿಸಲು ಅದಕ್ಕೆ ಬರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಆ ಪುಟ ಮುಚ್ಚಿದೆ.

ಅಕ್ಷರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗೊತ್ತಿಲ್ಲದೆ ಕೊಂಡು ಅಳುವವರು ಇಲ್ಲೇ ಜಾಸ್ತಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಚಿತ್ರ ಬಿಡಿಸುವ ಭಾಗ ಇಲ್ಲ. ಕೋರ್ ಐ5-12400ಎಫ್ ಕೊಂಡು, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ನೋಡೋಣ ಅಂದುಕೊಂಡರೆ ಮಾನಿಟರ್ ಕಪ್ಪಗೇ ಇರುತ್ತದೆ. ಎಫ್ ಇಲ್ಲದ 12400 ಆದರೆ ಪರದೆ ಬರುತ್ತದೆ. ರೈಜನ್ 5000 ಸಾಲಿನಲ್ಲಿ ಕೊನೆಯ ಅಕ್ಷರಗಳಲ್ಲಿ ಜಿ ಇದ್ದರೆ ಚಿತ್ರದ ಭಾಗ ಇದೆ, ಇಲ್ಲದಿದ್ದರೆ ಇಲ್ಲ. 7600ರಲ್ಲಿ ಒಂದು ಚಿಕ್ಕ ಗ್ರಾಫಿಕ್ಸ್ ಭಾಗ ಇದೆ. ಆಟಕ್ಕೆ ಅದು ಸಾಲದು. ಆದರೆ ಕಾರ್ಡು ಕೆಟ್ಟ ದಿನ ಪರದೆಯನ್ನು ಬೆಳಗಿಸಿ, ತೊಂದರೆ ಎಲ್ಲಿದೆ ಅಂತ ಹುಡುಕಲು ದಾರಿ ಮಾಡಿಕೊಡುತ್ತದೆ.

ಕಾರ್ಡೇ ಇಲ್ಲದೆ ಶುರು ಮಾಡುವ ಮನೆಗಳಿಗೆ ನನ್ನ ಲೆಕ್ಕ ಒಪ್ಪುವುದಿಲ್ಲ. ಅಂಥವರು ರೈಜನ್ 5 5600ಜಿ, ಅಥವಾ ಹೊಸ ಪೀಳಿಗೆಯದು ಬೇಕಿದ್ದರೆ 2024ರಲ್ಲಿ ಬಂದ 8600ಜಿ ನೋಡಬೇಕು. 8600ಜಿ ಒಳಗಿನ ಗ್ರಾಫಿಕ್ಸ್ ಮಕ್ಕಳ ಬಹಳಷ್ಟು ಆಟಗಳನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಹಾಗೆ ಮಾಡುವವರು ರ‍್ಯಾಮನ್ನು ಯಾವ ಕಾರಣಕ್ಕೂ ಒಂದೇ ಕಡ್ಡಿ ಹಾಕಬಾರದು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್4 ಅನ್ನುವ ಪೀಳಿಗೆಯ, 3200 ವೇಗದ ಒಂದು ಕಡ್ಡಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯುತ್ತದೆ. ಎರಡು ಕಡ್ಡಿ ಸರಿಯಾದ ಜಾಗದಲ್ಲಿ ಹಾಕಿದರೆ 51.2. ಹದಿನಾರು ಜಿಬಿಯ ಒಂದರ ಬದಲು ಎಂಟು ಜಿಬಿಯ ಎರಡು ಅಂದರೆ ಮುಗಿಯಿತು.

ಈ ಹುಡುಕಾಟದ ನಡುವೆ ಹಳೇ ಆಫೀಸ್ ಕಂಪ್ಯೂಟರ್ ಒಂದು ನನ್ನನ್ನು ಸೆಳೆದಿತ್ತು. ಆರನೇ ಪೀಳಿಗೆಯ ಕೋರ್ ಐ7. ಐ7 ಅನ್ನುವ ಹೆಸರೇ ಭಾರಿ ಅಲ್ವಾ? ಮಾರುವವರು ಅದನ್ನೇ ಒತ್ತಿ ಒತ್ತಿ ಹೇಳಿದರು. ಮನೆಗೆ ಬಂದು ನೋಡಿದರೆ ನಾಲ್ಕೇ ಕೋರು. ಮೇಲಾಗಿ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ, ಎಎಂಡಿಯಲ್ಲಿ ರೈಜನ್ 2000 ಸಾಲು, ಅಲ್ಲಿಂದ ಈಚಿನವು ಬೇಕು. ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಬೇರೆ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಟಗಳಲ್ಲೂ ಇದು ಅಡ್ಡ ಬರುತ್ತದೆ. ವ್ಯಾಲೊರಂಟ್ ಅನ್ನುವ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಸೆಟ್ಟಿಂಗ್ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಇವಳು ಈಗ ಅದನ್ನು ಆಡುವುದಿಲ್ಲ, ಇನ್ನೂ ವಯಸ್ಸಾಗಿಲ್ಲ. ಆದರೆ ಮಗುವಿನ ಮೊದಲ ಕಂಪ್ಯೂಟರ್ ಅಂದರೆ ಮಗುವಿನ ಜೊತೆ ನಾಲ್ಕೈದು ವರ್ಷ ಬೆಳೆಯಬೇಕಾದದ್ದು. ಬರುವಾಗಲೇ ಬಾಗಿಲು ಮುಚ್ಚಿರುವ ಯಂತ್ರವನ್ನು ಅವಳ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಬೆಳೆಯುವ ಮಾತು ಬಂದಾಗಲೇ ಸಾಕೆಟ್ ಎಷ್ಟು ಮುಖ್ಯ ಅಂತ ತಿಳಿದದ್ದು. ಕಂಪ್ಯೂಟರಿನ ಭಾಗಗಳನ್ನೆಲ್ಲ ಹೊರುವ ಹಲಗೆ ಮದರ್‌ಬೋರ್ಡ್. ಅದರಲ್ಲಿ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಮದರ್‌ಬೋರ್ಡ್ ಕೊಂಡ ದಿನ ಮುಂದೆ ಯಾವ ಪ್ರೊಸೆಸರ್ ಹಾಕಬಹುದು ಅನ್ನುವುದೂ ತೀರ್ಮಾನವಾಗಿಬಿಡುತ್ತದೆ. 2017ರ ಮೊದಲ ರೈಜನ್‌ಗಳು ಕೂತ ಎಎಂ4 ಸಾಕೆಟ್ಟಿಗೆ ಐದು ವರ್ಷ ಬಿಟ್ಟು 5800ಎಕ್ಸ್3ಡಿ ಬಂತು. ಹಳೇ ಬೋರ್ಡ್ ಇಟ್ಟುಕೊಂಡವರು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸದು ಮಾಡಿ, ಪ್ರೊಸೆಸರ್ ಒಂದನ್ನೇ ಬದಲಿಸಿ ಇನ್ನೊಂದಷ್ಟು ವರ್ಷ ತಳ್ಳಿದರು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿಗೆ 12, 13, 14ನೇ ಪೀಳಿಗೆಗಳು ಬಂದವು, 2024ರಲ್ಲಿ ಕೋರ್ ಅಲ್ಟ್ರಾ 200 ಸಾಲಿನ ಜೊತೆ ಸಾಕೆಟ್ಟೇ ಬದಲಾಯಿತು. ಎಎಂಡಿಯ ಮುಂದಿನ ಸಾಕೆಟ್ ಎಎಂ5 ಶುರುವಾದದ್ದು 2022ರಲ್ಲಿ. 7600 ಕೂರುವುದು ಇದರಲ್ಲೇ. 2027 ಮತ್ತು ಅದರಾಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಇವಳು ಹದಿನಾರರವಳಾದಾಗ ಬೋರ್ಡ್ ಹಾಗೇ ಇರಲಿ, ಪ್ರೊಸೆಸರ್ ಒಂದನ್ನೇ ತೆಗೆದು ಹಾಕುವಂತಿರಲಿ ಅನ್ನುವುದು ನನ್ನ ಆಸೆ.

ತಮ್ಮ ನನ್ನ ನೋಟ್‌ಬುಕ್ಕಿನ ಫೋಟೊ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ ಅಕ್ಕಾ, 7600 ತಗೋ" ಅಂದ. "ಆದ್ರೆ 7600ಎಕ್ಸ್ ಬೇಡ."

ಅದು ಒಳ್ಳೆಯ ಸಲಹೆ. 7600ಎಕ್ಸ್ ಸ್ವಲ್ಪವೇ ವೇಗ ಜಾಸ್ತಿ. ಆದರೆ ಅದರ ಟಿಡಿಪಿ, ಅಂದರೆ ತಂಪು ಮಾಡಬೇಕಾದ ಬಿಸಿಯ ಅಂದಾಜು, 105 ವ್ಯಾಟ್. ಡಬ್ಬದಲ್ಲಿ ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಇರುವುದಿಲ್ಲ. 7600ರದ್ದು 65 ವ್ಯಾಟ್, ಕೂಲರ್ ಜೊತೆಯಲ್ಲೇ ಬರುತ್ತದೆ. ಕಂಪ್ಯೂಟರ್ ಇರುವುದು ಅವಳು ಮಲಗುವ ಕೋಣೆಯಲ್ಲಿ. ಬಿಸಿ ಕಡಿಮೆಯಾದಷ್ಟೂ ಫ್ಯಾನಿನ ಸದ್ದು ಕಡಿಮೆ. ಆ ಲ್ಯಾಪ್‌ಟಾಪಿನ ಕೂಗಾಟ ಕೇಳಿ ಕೇಳಿ ನನಗೆ ಸಾಕಾಗಿತ್ತು.

ಇಷ್ಟೆಲ್ಲ ಆದ ಮೇಲೂ ಒಂದು ಮಾತು. ಕೈ ಬಿಗಿ ಇದ್ದಿದ್ದರೆ ನಾನು ರೈಜನ್ 5 5600 ಅಥವಾ 12400ಎಫ್ ಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ. ಎರಡೂ ಆರು ಕೋರು ಹನ್ನೆರಡು ಥ್ರೆಡ್ಡಿನವು. 60 ಹರ್ಟ್ಸ್ ಪರದೆಗೆ ಎರಡೂ ಧಾರಾಳ. ಡಿಡಿಆರ್4 ರ‍್ಯಾಮ್ ಸಾಕಾಗುವುದರಿಂದ ಖರ್ಚೂ ಹಿಡಿತದಲ್ಲಿರುತ್ತದೆ. ಅದರಲ್ಲೂ ಕೋಳಿ ಓಡುತ್ತವೆ. ನಾಲ್ಕು ಕೋರಿನ ಐ3-12100ಎಫ್ ಕೂಡ ಇವತ್ತಿಗೆ ಚೆನ್ನಾಗಿಯೇ ಇದೆ, ಕೋರುಗಳು ಚುರುಕು. ಆಟದ ಜೊತೆ ಗೆಳತಿಯರ ಜೊತೆ ಧ್ವನಿಕರೆ, ಹಿಂದೆ ಬ್ರೌಸರಿನಲ್ಲಿ ಇಪ್ಪತ್ತು ಪುಟ, ಎಲ್ಲ ಒಟ್ಟಿಗೆ ಇಟ್ಟುಕೊಳ್ಳುವ ಮಗು ಅಂತ ನಾನು ಆರಕ್ಕಿಂತ ಕೆಳಗೆ ಇಳಿಯಲಿಲ್ಲ.

ಜೋಡಿಸಿದ್ದು ಒಂದು ಭಾನುವಾರ. ತಮ್ಮ ಬಂದ, ಆದರೆ ಕೈ ಕಟ್ಟಿ ಕೂತ. "ಮಾಮ ನೋಡ್ತಾ ಇರ್ತೀನಿ, ನೀನೇ ಮಾಡು ಪುಟ್ಟಿ" ಅಂದ.

ಪ್ರೊಸೆಸರ್ ಅವಳ ಅಂಗೈಯಲ್ಲಿತ್ತು. ಚಿಕ್ಕ ಚೌಕ. ಮೇಲಿನ ಲೋಹದ ಮುಚ್ಚಳಕ್ಕೆ ಅಂಚಿನಲ್ಲಿ ಸುತ್ತಲೂ ಕಚ್ಚುಗಳು, ಕೆಳಗೆ ಸಾಲು ಸಾಲು ಚಿನ್ನದ ಬಣ್ಣದ ಚುಕ್ಕೆಗಳು. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿಗೇ ಇರುತ್ತವೆ. ಎಎಂ5ರಲ್ಲಿ ಅವು ಬೋರ್ಡಿನ ಸಾಕೆಟ್ಟಿನಲ್ಲಿವೆ, ಒಟ್ಟು 1718. ಕೂದಲಿನಷ್ಟು ಸಣ್ಣವು. ಬೆರಳು ತಾಗಿದರೂ ಬಾಗುತ್ತವೆ. ಅವಳು ಉಸಿರು ಬಿಗಿಹಿಡಿದು ಪ್ರೊಸೆಸರಿನ ಎರಡು ಅಂಚು ಮಾತ್ರ ಹಿಡಿದಳು. ಮೂಲೆಯ ಚಿಕ್ಕ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟಳು. ಒತ್ತಲಿಲ್ಲ, ಬರೀ ಇಟ್ಟಳು. ತಾನಾಗಿ ಕೂತಿತು. ಚೌಕಟ್ಟು ಮುಚ್ಚಿ ಪಕ್ಕದ ಸರಳನ್ನು ಕೆಳಕ್ಕೆ ತಳ್ಳುವಾಗ ಕರ್ ಅಂತ ಸದ್ದು ಬಂತು. ಅವಳು ಹೆದರಿ ನನ್ನ ಕಡೆ ನೋಡಿದಳು. "ಹಾಗೇ ಆಗೋದು, ತಳ್ಳು" ಅಂದ ಮಾಮ. ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಕ್ ಅಂತ ಹಾರಿ ಬಿತ್ತು. ಆ ಮುಚ್ಚಳ ಎಸೆಯಬೇಡಿ. ಮುಂದೆ ಬೋರ್ಡನ್ನು ವಾರಂಟಿಗೆ ಕೊಡಬೇಕಾದರೆ ಪಿನ್ನುಗಳನ್ನು ಕಾಪಾಡಲು ಅದೇ ಬೇಕು.

ಕೂಲರಿನ ನಾಲ್ಕು ಸ್ಕ್ರೂಗಳನ್ನು ಒಂದು ಮೂಲೆಯದ್ದಾದ ಮೇಲೆ ಅದರ ಎದುರು ಮೂಲೆಯದ್ದು, ಹೀಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದಳು. ಬಿಸಿಯನ್ನು ಕೂಲರಿಗೆ ಸಾಗಿಸುವ ಥರ್ಮಲ್ ಪೇಸ್ಟ್ ಅದರ ತಳಕ್ಕೆ ಮೊದಲೇ ಹಚ್ಚಿತ್ತು. ರ‍್ಯಾಮ್ ಹದಿನಾರರ ಎರಡು ಕಡ್ಡಿ, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗಕ್ಕೆ.

ಸ್ವಿಚ್ ಒತ್ತಿದೆವು. ಫ್ಯಾನುಗಳು ತಿರುಗಿದವು. ಪರದೆ ಕಪ್ಪಗೇ ಇತ್ತು. ಬೋರ್ಡಿನ ಮೂಲೆಯಲ್ಲಿ ರ‍್ಯಾಮ್ ಅಂತ ಸೂಚಿಸುವ ಹಳದಿ ದೀಪ ಉರಿಯುತ್ತಲೇ ಇತ್ತು. ಒಂದು ನಿಮಿಷ. ಎರಡು ನಿಮಿಷ. ಮಗಳ ಕಣ್ಣಲ್ಲಿ ನೀರು ಬಂತು. "ನಾನೇ ಏನೋ ಮುರಿದೆ" ಅಂದಳು.

ಯಾರೂ ಏನೂ ಮುರಿದಿರಲಿಲ್ಲ. ಎಎಂ5 ಮೊದಲ ಸಲ ಶುರುವಾಗುವಾಗ ಪ್ರೊಸೆಸರು ಮತ್ತು ಡಿಡಿಆರ್5 ರ‍್ಯಾಮು ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ತಗೊಳ್ಳುತ್ತವೆ. ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಕೆಲವು ನಿಮಿಷ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆಗ ಗಾಬರಿಯಾಗಿ ಕರೆಂಟ್ ತೆಗೆದರೆ ಅಷ್ಟೂ ಕೆಲಸ ಮತ್ತೆ ಮೊದಲಿನಿಂದ. ಇದನ್ನು ಯಾರಾದರೂ ಡಬ್ಬದ ಮೇಲೇ ದೊಡ್ಡದಾಗಿ ಬರೆಯಬೇಕು. ಮಕ್ಕಳ ಜೊತೆ ಜೋಡಿಸುವವರು ಈ ಮಾತನ್ನು ಮೊದಲೇ ಹೇಳಿಡಿ. ನಾವು ಹೇಳಿರಲಿಲ್ಲ, ನಾಲ್ಕು ನಿಮಿಷ ಆ ಮಗು ಸುಮ್ನೆ ನೊಂದುಕೊಂಡಿತು. ಆಮೇಲೆ ಪರದೆ ಬೆಳಗಿತು. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಹಾಕಿದೆವು. ಅದನ್ನು ಹಾಕದಿದ್ದರೆ 6000 ವೇಗದ ರ‍್ಯಾಮು ತನ್ನ ವೇಗಕ್ಕೆ ಬರುವುದೇ ಇಲ್ಲ.

ವಿಂಡೋಸ್ ಹಾಕಿ, ಅವಳ ಲೋಕವನ್ನು ಪೆನ್‌ಡ್ರೈವಿನಲ್ಲಿ ತಂದು ತೆರೆಯುವಷ್ಟರಲ್ಲಿ ಸಂಜೆಯಾಗಿತ್ತು. ಕೋಳಿ ಫಾರಂ ಬಂತು. ಆದರೆ ತಲೆ ತಿರುಗಿಸಿದರೆ ಚಿತ್ರ ತಡವರಿಸುತ್ತಿತ್ತು. ಹೊಸ ಯಂತ್ರ, ಹೊಸ ಪ್ರೊಸೆಸರ್, ಮೇಲೆ ಕಾರ್ಡು. ಹೀಗಾಗಬಾರದಿತ್ತು. ತಮ್ಮ ಎದ್ದು ಕಾರ್ಡಿನ ಪವರ್ ಕೇಬಲ್ ನೋಡಲು ಹೋದ. ಮಗಳು ಎಫ್3 ಒತ್ತಿದಳು.

"ಅಮ್ಮಾ, ಟಿಕ್ 16 ಇದೆ. ಕೋಳಿಗಳು ಸರಿಯಾಗೇ ಓಡ್ತಿವೆ. ಚಿತ್ರ ಬಿಡಿಸೋರದ್ದು ತೊಂದರೆ."

ಪರದೆಯ ಬಲಗಡೆ ಗ್ರಾಫಿಕ್ಸ್ ಯಾವುದು ಅಂತ ಬರೆದಿರುವ ಸಾಲನ್ನು ಅವಳೇ ತೋರಿಸಿದಳು. ಅಲ್ಲಿ ಆರ್‌ಎಕ್ಸ್ 580 ಅಂತ ಇರಲೇ ಇಲ್ಲ. ಮಾನಿಟರಿನ ಕೇಬಲ್ ಕಾರ್ಡಿಗೆ ಹೋಗುವ ಬದಲು ಬೋರ್ಡಿನ ಕಿಂಡಿಗೆ ಹೋಗಿತ್ತು. 7600ರ ಒಳಗಿನ ಆ ಚಿಕ್ಕ ಗ್ರಾಫಿಕ್ಸ್ ಭಾಗ ಇಡೀ ಫಾರಮ್ಮನ್ನು ಒಂಟಿಯಾಗಿ ಬಿಡಿಸುತ್ತಿತ್ತು. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಆಗಿದ್ದರೆ ಪರದೆಯೇ ಬರುತ್ತಿರಲಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತಿತ್ತು. ಇದರಲ್ಲಿ ಎಲ್ಲವೂ ನಡೆಯುತ್ತದೆ, ನಿಧಾನವಾಗಿ ಮಾತ್ರ. ಎಷ್ಟೋ ಮನೆಗಳಲ್ಲಿ ಕಾರ್ಡಿನ ಪಾಡಿಗೆ ಕಾರ್ಡು ಸುಮ್ಮನೆ ಕೂತಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲೂ ಒಮ್ಮೆ ಹಿಂದೆ ಬಗ್ಗಿ ನೋಡಿ. ಕೇಬಲ್ ಇರಬೇಕಾದದ್ದು ಕೆಳಗಿನ ಅಡ್ಡ ಕಿಂಡಿಗಳಲ್ಲಿ, ಕಾರ್ಡಿನದ್ದರಲ್ಲಿ.

ಕೇಬಲ್ ಬದಲಿಸಿ ಮತ್ತೆ ತೆರೆದೆವು. ಚಿತ್ರ ನೀರಿನ ಹಾಗೆ ಹರಿಯಿತು. ಟಿಕ್ ಎಷ್ಟು ಅಂತ ನಾನು ಕೇಳುವ ಮೊದಲೇ ಅವಳು ನೋಟ್‌ಬುಕ್ ಎಳೆದುಕೊಂಡಿದ್ದಳು. ಎಪ್ಪತ್ತೆಂಟರ ಕೆಳಗೆ 16 ಅಂತ ಬರೆದಳು. ಕೇಬಲ್ ಬದಲಿಸುವ ಮೊದಲೂ 16, ಆಮೇಲೂ 16.

ಮೂರು ವಾರ ಆಯಿತು. ಸಿಮ್ಯುಲೇಶನ್ ಡಿಸ್ಟೆನ್ಸ್ ಮತ್ತೆ 12ಕ್ಕೆ ಏರಿದೆ, ಕಬ್ಬಿನ ತೋಟ ಜೀವಂತವಾಗಿದೆ. ಫಾರಮ್ಮಿಗೆ ಎರಡನೇ ಮಹಡಿ ಬಂದಿದೆ. ನೋಟ್‌ಬುಕ್ ಈಗ ಅವಳ ಮೇಜಿನ ಮೇಲೇ ಇರುತ್ತದೆ. ನಿನ್ನೆ ಸಂಜೆಯ ಸಾಲಿನಲ್ಲಿ 23 ಅಂತ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ಇನ್ನೂ 27 ಉಳಿದಿದೆ" ಅಂತ ಗುರುತು ಹಾಕಿಟ್ಟಿದ್ದಾಳೆ. ಕೆಳಗೆ ಒಂದು ರೈಲು ನಿಲ್ದಾಣದ ನಕ್ಷೆ.